ಸ್ಕ್ಯಾನ್‌ನಲ್ಲಿ ವಸಡು ನೀಲಿ ಬಂದ್ರೆ ವಸಡು ಹೋಯ್ತು ಅಂತಾನಾ?

ಪ್ರಶ್ನೆ: ಡಾಕ್ಟ್ರೇ, ವಸಡಿನ ತೊಂದರೆಗೆ ಮೂರು ತಿಂಗಳ ಹಿಂದೆ ಡೀಪ್ ಕ್ಲೀನಿಂಗ್ ಮಾಡಿಸ್ಕೊಂಡೆ. ಶುರು ಮಾಡೋಕೆ ಮುಂಚೆ ಒಂದ್ ಸಲ, ಮೊನ್ನೆ ಒಂದ್ ಸಲ ಬಾಯೊಳಗೆ ಕ್ಯಾಮೆರಾ ಥರದ್ದು ಆಡಿಸಿ ಸ್ಕ್ಯಾನ್ ತೆಗೆದ್ರು. ಎರಡನ್ನೂ ಒಂದರ ಮೇಲೊಂದು ಕೂರಿಸಿ ತೋರಿಸಿದಾಗ ಹಲ್ಲೆಲ್ಲ ಹಸಿರು, ವಸಡಿನ ಅಂಚೆಲ್ಲ ಕಡು ನೀಲಿ. ಹಸಿರು ಅಂದ್ರೆ ಏನೂ ಬದಲಾಗಿಲ್ಲ, ನೀಲಿ ಅಂದ್ರೆ ಅಲ್ಲಿ ವಸಡು ಕಮ್ಮಿಯಾಗಿದೆ ಅಂತೆ, ಒಂದು ಕಡೆ 0.8 ಮಿ.ಮೀ. ಅಂತ ಬಂದಿದೆ. ವಸಡು ಉಳಿಸ್ಕೊಳ್ಳೋಕೆ ಅಂತ ಹೋಗಿ ವಸಡೇ ಕಳ್ಕೊಂಡ್ನಾ? ಈ ಸ್ಕ್ಯಾನನ್ನ ಎಷ್ಟು ನಂಬಬಹುದು? ಇಷ್ಟು ಚೆನ್ನಾಗಿ ಅಳೆಯೋ ಮೆಷಿನ್ ಇರುವಾಗ ಮತ್ತೆ ಆ ಕಡ್ಡಿ ಚುಚ್ಚಿ ನೋಡೋದ್ಯಾಕೆ?

ಉತ್ತರ: ಸ್ಕ್ರೀನ್ ಮೇಲೆ ನಮ್ಮದೇ ಬಾಯಿ ನೀಲಿ ಬಣ್ಣ ಬಳ್ಕೊಂಡು ನಿಂತಿದ್ರೆ ಯಾರಿಗಾದ್ರೂ ಎದೆ ಝಲ್ ಅನ್ನತ್ತೆ, ಅದಕ್ಕೇ ಮೊದಲು ನೇರ ಉತ್ತರ ಹೇಳ್ಬಿಡ್ತೀನಿ. ವಸಡಿನ ಟ್ರೀಟ್‌ಮೆಂಟ್ ಆಗಿ ಮೂರು ತಿಂಗಳಿಗೆ ಅಂಚು ಸ್ವಲ್ಪ ಬೇರಿನ ಕಡೆ ಸರಿದಿರೋದು ಹೆಚ್ಚಿನವರಲ್ಲಿ ಆಗೋದೇ, ಎಷ್ಟೋ ಸಲ ಅದು ಟ್ರೀಟ್‌ಮೆಂಟ್ ಹಿಡಿದಿದೆ ಅನ್ನೋದರ ಗುರುತೂ ಹೌದು. ಆದರೆ ನಿಮಗೆ ತೋರಿಸಿದ ಆ ಚಿತ್ರ ಒಂದನ್ನೇ ಇಟ್ಕೊಂಡು ರೋಗ ಹೋಗಿದೆಯಾ ಇಲ್ವಾ ಅಂತ ನಾನಾಗ್ಲಿ, ನಿಮ್ಮ ಡಾಕ್ಟ್ರಾಗ್ಲಿ ಹೇಳೋಕಾಗಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆಗತ್ತೆ, ತಾಳ್ಮೆ ಇರಲಿ.

ರೋಗ ಇದ್ದ ವಸಡು ಅಂದ್ರೆ ನೀರು ತುಂಬ್ಕೊಂಡಿರೋ ಸ್ಪಂಜ್ ಥರ. ಹಲ್ಲಿನ ಬೇರಿಗೆ ಅಂಟಿರೋ ಕಲ್ಲು, ಅದರ ಮೇಲಿನ ಬ್ಯಾಕ್ಟೀರಿಯಾ ಪದರ, ಅದರ ವಿರುದ್ಧ ಮೈ ಹೋರಾಡ್ತಾ ಇರೋದ್ರಿಂದ ರಕ್ತನಾಳಗಳೆಲ್ಲ ಹಿಗ್ಗಿ ನೀರು ಒಸರಿ ವಸಡು ಊದ್ಕೊಂಡಿರತ್ತೆ, ಊದಿದ್ದು ಎಲ್ಲಿಗೆ ಹೋಗತ್ತೆ, ಹಲ್ಲಿನ ಮೇಲೇ ಏರತ್ತೆ. ಸ್ಕೇಲಿಂಗ್, ರೂಟ್ ಪ್ಲೇನಿಂಗ್, ಅಂದ್ರೆ ನೀವು ಹೇಳಿದ ಡೀಪ್ ಕ್ಲೀನಿಂಗ್ ಮಾಡಿ ಬೇರನ್ನ ಕ್ಲೀನ್ ಮಾಡಿದ ಮೇಲೆ ಆ ನೀರು ಇಳಿಯತ್ತೆ, ಒಳಗೆ ಕಾಲಜನ್ ಎಳೆ ಕಟ್ಕೊಂಡು ವಸಡು ಹಲ್ಲನ್ನ ಬಿಗಿಯಾಗಿ ಹಿಡ್ಕೊಳ್ಳತ್ತೆ. ಬಿಗಿ ಆದ್ರೆ ಕುಗ್ಗಲೇಬೇಕಲ್ಲ. ಇದರಲ್ಲಿ ಬಹುಪಾಲು ಮೊದಲ ಕೆಲವು ವಾರಗಳಲ್ಲೇ ಆಗೋಗತ್ತೆ, ಅದಕ್ಕೇ ನಾವು 6-8 ವಾರದಿಂದ ಮೂರು ತಿಂಗಳ ಒಳಗೆ ವಾಪಸ್ ಕರೆದು ಅಳೆಯೋದು. ನಿಮ್ಮ ಎರಡನೇ ಸ್ಕ್ಯಾನ್ ಆ ಲೆಕ್ಕದಲ್ಲಿ ಸರಿಯಾದ ಟೈಮಿಗೇ ಆಗಿದೆ.

ಈಗ ಒಂದೇ ಒಂದು ಕೋರೆಹಲ್ಲನ್ನ ತಗೊಳ್ಳೋಣ. ಹಲ್ಲಿನ ಎನಾಮಲ್ ಮುಗಿದು ಬೇರು ಶುರುವಾಗೋ ಜಾಗದಲ್ಲಿ ಒಂದು ಗೆರೆ ಇರತ್ತೆ, ಅದು ಜನ್ಮಕ್ಕೂ ಅಲ್ಲಾಡದ ಗೆರೆ, ನಮ್ಮ ಎಲ್ಲ ಲೆಕ್ಕವೂ ಅಲ್ಲಿಂದಲೇ. ಟ್ರೀಟ್‌ಮೆಂಟ್‌ಗೆ ಮುಂಚೆ ವಸಡು ಊದಿ ಆ ಗೆರೆಗಿಂತ 1 ಮಿ.ಮೀ. ಮೇಲೆ ಏರಿ ಕೂತಿದೆ, ಪಾಕೆಟ್ (ಹಲ್ಲಿಗೂ ವಸಡಿಗೂ ನಡುವೆ ಆ ಕಡ್ಡಿ ಇಳಿಯೋ ಸಂದಿ) ಆಳ 6 ಮಿ.ಮೀ. ಅಂದ್ರೆ ಗೆರೆಯಿಂದ ಲೆಕ್ಕ ಹಾಕಿದ್ರೆ ವಸಡು ಹಲ್ಲನ್ನ ಹಿಡ್ಕೊಂಡಿರೋ ಜಾಗ 5 ಮಿ.ಮೀ. ಒಳಗಿದೆ. ಮೂರು ತಿಂಗಳಾದ ಮೇಲೆ ಅಂಚು ಗೆರೆ ದಾಟಿ 1 ಮಿ.ಮೀ. ಬೇರಿನ ಕಡೆ ಹೋಗಿದೆ, ಪಾಕೆಟ್ 3 ಆಗಿದೆ. ಈಗ ಹಿಡಿತದ ಜಾಗ 4 ಮಿ.ಮೀ. ಒಳಗೆ. ಪಾಕೆಟ್ 3 ಮಿ.ಮೀ. ಕಮ್ಮಿ ಆಯ್ತು, ಅದರಲ್ಲಿ 2 ವಸಡು ಕುಗ್ಗಿದ್ದರಿಂದ, 1 ಹಿಡಿತ ವಾಪಸ್ ಬಂದಿದ್ದರಿಂದ. ಹಲ್ಲು ಸ್ವಲ್ಪ ಉದ್ದ ಕಾಣತ್ತೆ, ತಣ್ಣೀರು ಬಿದ್ರೆ ಜುಂ ಅನ್ನತ್ತೆ, ಆದ್ರೂ ಇದು ಒಳ್ಳೆ ರಿಸಲ್ಟು, ನಾನಂತೂ ಖುಷಿ ಪಡ್ತೀನಿ.

ಇನ್ನೊಬ್ಬರ ಬಾಯಲ್ಲಿ ಅದೇ ಹಲ್ಲು, ಅಂಚು ಅದೇ 2 ಮಿ.ಮೀ. ಸರಿದಿದೆ, ಆದರೆ ಪಾಕೆಟ್ 6ರಿಂದ 5ಕ್ಕೆ ಮಾತ್ರ ಬಂದಿದೆ. ಗೆರೆಯಿಂದ ಅಳೆದ್ರೆ ಮೊದಲು 5 ಇದ್ದಿದ್ದು ಈಗ 6. ಅಂದ್ರೆ ಹಿಡಿತ ಇನ್ನೂ 1 ಮಿ.ಮೀ. ಹೋಗಿದೆ.

ಈ ಇಬ್ಬರ ಸ್ಕ್ಯಾನನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ಥರ ಕಾಣ್ಸತ್ತೆ. ಅದೇ ನೀಲಿ, ಅಷ್ಟೇ ನೀಲಿ. ಒಬ್ಬರು ಗುಣ ಆಗ್ತಿದ್ದಾರೆ, ಇನ್ನೊಬ್ಬರ ಹಲ್ಲಿನ ಬುಡದ ಹಿಡಿತ ಕರಗ್ತಾ ಇದೆ. ಸ್ಕ್ಯಾನರ್ ಬೆಳಕು ಬಿಟ್ಟು, ವಾಪಸ್ ಬಂದ ಬೆಳಕಿಂದ ಮೇಲ್ಮೈಯ ಆಕಾರ ಕಟ್ಟತ್ತೆ ಅಷ್ಟೇ, ಬೆಳಕು ಪಾಕೆಟ್ ಒಳಗೆ ಇಳಿಯಲ್ಲ, ಮೂಳೆ ಕಾಣಲ್ಲ, ಮುಟ್ಟಿದ್ರೆ ರಕ್ತ ಬರತ್ತಾ ಅನ್ನೋದಂತೂ ಅದಕ್ಕೆ ಗೊತ್ತೇ ಆಗಲ್ಲ. ನೀವು ಕೇಳಿದ್ರಲ್ಲ ಕಡ್ಡಿ ಯಾಕೆ ಅಂತ, ಇದಕ್ಕೇ. ಆ ಕಡ್ಡಿ ಇಲ್ಲದೆ ಈ ಇಬ್ಬರನ್ನ ಬೇರೆ ಮಾಡೋಕಾಗಲ್ಲ. ಇದರ ಉಲ್ಟಾನೂ ಇದೆ. ಸಿಗರೇಟ್ ಸೇದೋವ್ರ ವಸಡು ಗಟ್ಟಿಯಾಗಿ ಮೇಲಿಂದ ಚೆನ್ನಾಗೇ ಕಾಣತ್ತೆ, ರಕ್ತನೂ ಕಮ್ಮಿ, ಟ್ರೀಟ್‌ಮೆಂಟ್ ಆದ ಮೇಲೂ ಅಷ್ಟಾಗಿ ಕುಗ್ಗಲ್ಲ, ಸ್ಕ್ಯಾನ್ ಪೂರ್ತಿ ಹಸಿರು ಬರಬಹುದು, ಒಳಗೆ ಮಾತ್ರ ಆಳವಾದ ಪಾಕೆಟ್ ಹಾಗೇ ಕೂತಿರತ್ತೆ.

ಹಾಗಂತ ಕಡ್ಡಿ ದೇವರ ಅಳತೆಗೋಲೂ ಅಲ್ಲ. ನಾವು ಪ್ರೋಬ್ ಅಂತ ಕರೆಯೋ ಅದರ ಮೇಲಿನ ಗೆರೆಗಳು ಮಿಲಿಮೀಟರ್ ಲೆಕ್ಕದವು, ಅದಕ್ಕಿಂತ ಸಣ್ಣದನ್ನ ಕಣ್ಣಂದಾಜಲ್ಲೇ ಓದ್ಬೇಕು. ಸುಮಾರು 20-25 ಗ್ರಾಂ ತೂಕದಷ್ಟು ಒತ್ತಬೇಕು ಅಂತ ಕಲಿಸ್ತಾರೆ, ಆದರೆ ಕೈಯಿಂದ ಕೈಗೆ ಅದು ಬದಲಾಗತ್ತೆ, ಊದಿರೋ ವಸಡಲ್ಲಿ ತುದಿ ಇನ್ನೂ ಒಳಗೆ ಹೋಗಿಬಿಡತ್ತೆ, ವಾಸಿಯಾದ ಬಿಗಿ ವಸಡಲ್ಲಿ ಮೊದಲೇ ನಿಲ್ಲತ್ತೆ. 1 ಮಿ.ಮೀ. ಆಚೀಚೆ ಆಗೋದು ಒಬ್ಬರೇ ಎರಡು ಸಲ ಅಳೆದ್ರೂ ಇದ್ದಿದ್ದೇ. ಒಂದು ಹಲ್ಲಿಗೆ ಆರು ಕಡೆ, 28 ಹಲ್ಲಿಗೆ 168 ನಂಬರ್, ಅಷ್ಟೂ ಬಿಡಿ ಬಿಡಿ ಚುಕ್ಕೆಗಳು, ಚುಕ್ಕೆ ಚುಕ್ಕೆ ನಡುವೆ ಏನಾಗಿದೆ ಅಂತ ಗೊತ್ತಾಗಲ್ಲ. ಸ್ಕ್ಯಾನರ್ ಗೆಲ್ಲೋದು ಇಲ್ಲೇ: ವಸಡನ್ನ ಮುಟ್ಟಲ್ಲ, ಒತ್ತಲ್ಲ, ಇಡೀ ಮೇಲ್ಮೈ ಹಿಡಿಯತ್ತೆ, ನಾಲ್ಕೈದು ಹಲ್ಲಿನಷ್ಟು ಜಾಗದಲ್ಲಿ ತಪ್ಪು ಮಿಲಿಮೀಟರಿನ ನೂರನೇ ಕೆಲವೇ ಭಾಗಗಳಷ್ಟು ಇರತ್ತೆ, ಮೂರು ವರ್ಷ ಬಿಟ್ಟು ಬೇಕಾದ್ರೂ ಹಳೇ ಫೈಲ್ ತೆಗೆದು ಹೊಸದಾಗಿ ಅಳೀಬಹುದು.

ಆದರೆ ಈ ತಂತ್ರಜ್ಞಾನ ಹುಟ್ಟಿದ್ದು ವಸಡಿಗಾಗಿ ಅಲ್ಲ ಅನ್ನೋದು ನೆನಪಿರಲಿ. ಜ್ಯೂರಿಕ್ ಯೂನಿವರ್ಸಿಟಿಯಲ್ಲಿ ವೆರ್ನರ್ ಮೋರ್ಮನ್ ಮತ್ತೆ ಮಾರ್ಕೊ ಬ್ರಾಂಡೆಸ್ಟಿನಿ ಸೇರಿ ಮಾಡಿದ ಸಿಸ್ಟಮ್ಮನ್ನ ಮೊದಲ ಪೇಶೆಂಟ್ ಮೇಲೆ ಬಳಸಿದ್ದು 1985ರಲ್ಲಿ, ಹಲ್ಲಿನ ಗುಳಿಗೆ ಸರಿಯಾಗಿ ಕೂರೋ ಸೆರಾಮಿಕ್ ತುಂಡು ಕೊರೆಯೋಕೆ. ಹಲ್ಲು ಗಟ್ಟಿ, ಅಲ್ಲಾಡಲ್ಲ. ವಸಡು ಹಾಗಲ್ಲ, ಒದ್ದೆ, ಹೊಳೀತಾ ಇರತ್ತೆ, ಕೆನ್ನೆ ಎಳೆದ್ರೆ ಜೊತೆಗೆ ಎಳ್ಕೊಂಡು ಬರತ್ತೆ. ಹಲ್ಲಿನ ವಿಷಯದಲ್ಲಿ ಕಂಪನಿ ಹೇಳೋ ನಿಖರತೆಯನ್ನ ವಸಡಿಗೂ ಹಾಗೇ ಹಚ್ಚೋದು ತಪ್ಪು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಒಂದರ ಮೇಲೊಂದು ಕೂರಿಸೋದು. ನಿಮ್ಮ 0.8ರ ಬೆಲೆ ನಿಂತಿರೋದೇ ಇದರ ಮೇಲೆ. ಎರಡು ಸ್ಕ್ಯಾನ್ ಅಂದ್ರೆ ಸಾವಿರಾರು ಸಣ್ಣ ಸಣ್ಣ ತ್ರಿಕೋನಗಳಿಂದ ಹೆಣೆದ ಎರಡು ಬಲೆ ಅಂದ್ಕೊಳ್ಳಿ. ಸಾಫ್ಟ್‌ವೇರ್ ಒಂದು ಬಲೆಯನ್ನ ಹಿಡಿದು ತಿರುಗಿಸಿ ಸರಿಸಿ, ಒಂದರ ಬಿಂದುಗಳು ಇನ್ನೊಂದರ ಬಿಂದುಗಳಿಗೆ ಆದಷ್ಟೂ ಹತ್ತಿರ ಬರೋವರೆಗೆ ಮತ್ತೆ ಮತ್ತೆ ಹೊಂದಿಸತ್ತೆ. 1992ರಲ್ಲಿ ಬೆಸ್ಲ್ ಮತ್ತೆ ಮೆಕೇ ಅನ್ನೋ ಇಬ್ಬರು ಸಂಶೋಧಕರು ಬರೆದ ಲೆಕ್ಕಾಚಾರದ ಕ್ರಮವೋ ಅದರ ಸುಧಾರಿಸಿದ ರೂಪವೋ ಇವತ್ತಿಗೂ ಎಷ್ಟೋ ಸಾಫ್ಟ್‌ವೇರ್‌ಗಳ ಒಳಗಿದೆ. ಅದಕ್ಕೆ ಯಾವುದು ಹಲ್ಲು ಯಾವುದು ವಸಡು ಅನ್ನೋ ಭೇದ ಇಲ್ಲ, ಒಟ್ಟು ತಪ್ಪು ಕಮ್ಮಿ ಆದ್ರೆ ಸಾಕು ಅದಕ್ಕೆ.

ನಾನು ಮೊದಮೊದಲು ಇದನ್ನ ಬಳಸೋಕೆ ಶುರು ಮಾಡಿದಾಗ ಒಬ್ಬರ ಕೆಳಗಿನ ದವಡೆಯ ಎರಡು ಸ್ಕ್ಯಾನನ್ನ ಹಾಗೇ ಪೂರ್ತಿಯಾಗಿ ಕೂರಿಸಿಬಿಟ್ಟೆ, ವಸಡು ಸಮೇತ. ಬಂದ ಚಿತ್ರದಲ್ಲಿ ವಸಡು ತಿಳಿ ನೀಲಿ, ಪರವಾಗಿಲ್ಲ, ಆದರೆ ಬಾಚಿಹಲ್ಲಿನ ತುದಿಗಳೆಲ್ಲ ತಿಳಿ ಕೆಂಪು. ಕೆಂಪು ಅಂದ್ರೆ ಬೆಳೆದಿದೆ ಅಂತ. ದೊಡ್ಡವರ ಬಾಯಲ್ಲಿ ಮೂರು ತಿಂಗಳಿಗೆ ಎನಾಮಲ್ ಬೆಳೆಯತ್ತಾ? ಸಾಧ್ಯವೇ ಇಲ್ಲ. ಆಮೇಲೆ ಹೊಳೀತು, ವಸಡು ಕುಗ್ಗಿದ್ದನ್ನ ಸಾಫ್ಟ್‌ವೇರ್ ತಾನೇ ಹಂಚ್ಕೊಂಡುಬಿಟ್ಟಿದೆ, ಅರ್ಧ ವಸಡಿನ ಲೆಕ್ಕಕ್ಕೆ, ಅರ್ಧ ಹಲ್ಲಿನ ಲೆಕ್ಕಕ್ಕೆ. ವಸಡನ್ನೆಲ್ಲ ಕತ್ತರಿಸಿ ತೆಗೆದು ಬರೀ ಹಲ್ಲಿನ ಮೇಲ್ಮೈ ಆಧಾರ ಮಾಡಿ ಮತ್ತೆ ಕೂರಿಸಿದಾಗ ಹಲ್ಲು ಹಸಿರಾಯ್ತು, ವಸಡಿನ ನೀಲಿ ಕಡು ಆಯ್ತು. ಅವತ್ತಿಂದ ನಾನು ಯಾವ ರಿಪೋರ್ಟ್ ಬಂದ್ರೂ ಮೊದಲು ನೋಡೋದು ಹಲ್ಲಿನ ಬಣ್ಣ. ನಿಮ್ಮ ಚಿತ್ರದಲ್ಲಿ ಹಲ್ಲು ಹಸಿರಿದೆ ಅಂದ್ರಿ, ಅಷ್ಟರ ಮಟ್ಟಿಗೆ ಕೂರಿಸಿರೋದು ಸರಿಯಾಗಿದೆ ಅಂತ ಕಾಣತ್ತೆ.

ಹಲ್ಲನ್ನ ಆಧಾರ ಮಾಡೋದ್ರಲ್ಲೂ ಒಂದು ಗುಟ್ಟಿದೆ. ವಸಡಿನ ರೋಗ ಜಾಸ್ತಿ ಇದ್ದವರಲ್ಲಿ ಮುಂದಿನ ಹಲ್ಲು ಸರಿದು ಸಂದಿ ಬಿಟ್ಟಿರತ್ತೆ, ಊತ ಇಳಿದ ಮೇಲೆ ಕೆಲವು ಸಲ ತಾನಾಗೇ ಸ್ವಲ್ಪ ವಾಪಸ್ ಬರತ್ತೆ. ಆಗ ಅಲ್ಲಾಡಿದ ಹಲ್ಲನ್ನೇ ಗೂಟ ಅಂದ್ಕೊಂಡು ಅಳೆದಂಗಾಯ್ತು. ನಡುವೆ ಹೊಸದಾಗಿ ಫಿಲ್ಲಿಂಗ್ ಮಾಡಿದ್ದು, ಕ್ಯಾಪ್ ಹಾಕಿದ್ದು, ಮೊದಲ ಸ್ಕ್ಯಾನ್‌ನಲ್ಲಿ ಕಲ್ಲು ಕಟ್ಟಿದ್ದು ಆಮೇಲೆ ಹೋಗಿದ್ದು, ಇವೆಲ್ಲವೂ ಆಧಾರಕ್ಕೆ ಬರೋ ಹಂಗಿಲ್ಲ. ಇಡೀ ದವಡೆ ಬದಲು, ಅಳೀಬೇಕಾದ ಹಲ್ಲಿನ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನ ಮಾತ್ರ ಹಿಡ್ಕೊಂಡು ಕೂರಿಸೋದು ನನಗೆ ಸರಿ ಅನ್ಸತ್ತೆ, ಯಾಕಂದ್ರೆ ಈ ತುದಿಯಿಂದ ಆ ತುದಿಗೆ ಸ್ಕ್ಯಾನ್ ಮಾಡುವಾಗ ಸಣ್ಣ ಸಣ್ಣ ತಪ್ಪು ಸೇರ್ತಾ ಸೇರ್ತಾ ದೊಡ್ಡದಾಗಿರತ್ತೆ.

ಇನ್ನು ಆ 0.8. ಇದನ್ನ ದಯವಿಟ್ಟು ನಿಧಾನವಾಗಿ ಓದಿ, ಯಾಕಂದ್ರೆ ಡಾಕ್ಟ್ರುಗಳೂ ಇಲ್ಲೇ ಎಡವೋದು. ಬಣ್ಣದ ಚಿತ್ರದಲ್ಲಿ ಸಾಮಾನ್ಯವಾಗಿ ಬರೋ ನಂಬರ್ ಅಂದ್ರೆ ಹಳೇ ಮೇಲ್ಮೈಯ ಒಂದು ಬಿಂದುವಿನಿಂದ ಹೊಸ ಮೇಲ್ಮೈಗೆ ಇರೋ ಅತಿ ಹತ್ತಿರದ ದೂರ. ವಸಡಿನ ಅಂಚು ಹಲ್ಲಿನ ಮೇಲೆ ತೆಳ್ಳಗೆ ಹೊದ್ಕೊಂಡಿರತ್ತೆ. ಅದು ಬೇರಿನ ಕಡೆ 2 ಮಿ.ಮೀ. ಸರಿದುಹೋದ್ರೆ, ಮೊದಲು ವಸಡು ಇದ್ದ ಜಾಗದಲ್ಲಿ ಈಗ ಬರೀ ಹಲ್ಲು. ಅಲ್ಲಿ ಹತ್ತಿರದ ದೂರ ಅಂದ್ರೆ ಅಲ್ಲಿದ್ದ ವಸಡಿನ ದಪ್ಪ ಅಷ್ಟೇ, ಅರ್ಧ ಮಿ.ಮೀ. ಇರಬಹುದು, ಮುಕ್ಕಾಲು ಇರಬಹುದು. ಅಂದ್ರೆ ನಿಮ್ಮ 0.8 ವಸಡು ಎಷ್ಟು ಉದ್ದ ಸರಿದಿದೆ ಅಂತ ಹೇಳ್ತಿಲ್ಲ, ಆ ಜಾಗದಲ್ಲಿ ಎಷ್ಟು ದಪ್ಪದ ವಸಡು ಹೋಗಿದೆ ಅಂತ ಹೇಳ್ತಿರಬಹುದು. ಬರೀ ಊತ ಇಳಿದು ಅಂಚು ಅಲ್ಲೇ ಇದ್ದು ವಸಡು ಒಳಗೆ ತಗ್ಗಿದ್ರೂ ಇದೇ ಥರದ ನಂಬರ್ ಬರತ್ತೆ. ಎರಡೂ ನೀಲಿನೇ. ಎಷ್ಟು ಸರಿದಿದೆ ಅಂತ ಬೇಕಾದ್ರೆ ಹಲ್ಲಿನ ನಡುಮಧ್ಯೆ, ಹಲ್ಲಿನ ಉದ್ದಕ್ಕೆ ಹೊಂದೋ ಹಾಗೆ, ಎರಡೂ ಬಲೆಯನ್ನ ಒಟ್ಟಿಗೇ ಸೀಳಿ ನೋಡ್ಬೇಕು. ಆಗ ಎರಡು ಗೆರೆ ಕಾಣತ್ತೆ, ಹಲ್ಲಿನ ಮೇಲೆ ಒಂದಾಗಿ ಬಂದು ವಸಡಿನ ಹತ್ತಿರ ಬೇರೆ ಬೇರೆ ಆಗತ್ತೆ, ಹಳೇ ಅಂಚಿಂದ ಹೊಸ ಅಂಚಿಗೆ ಉದ್ದಕ್ಕೆ ಎಷ್ಟು ಅಂತ ಅಳೀಬೇಕು. ನಿಮ್ಮ ಡಾಕ್ಟ್ರನ್ನ ಕೇಳಿ: ಈ 0.8 ಬಣ್ಣದ ಚಿತ್ರದ್ದಾ, ಸೀಳಿ ನೋಡಿದ್ದಾ ಅಂತ. ಒಳ್ಳೆ ಡಾಕ್ಟ್ರು ಈ ಪ್ರಶ್ನೆಗೆ ಬೇಜಾರ್ ಮಾಡ್ಕೊಳ್ಳಲ್ಲ.

ಇದರಲ್ಲಿ ನನಗೆ ತುಂಬ ಇಷ್ಟ ಆದ ವಿಷಯ ಒಂದಿದೆ. ಮೊದಲ ಸ್ಕ್ಯಾನ್‌ನಲ್ಲಿ ಎನಾಮಲ್ ಮುಗಿಯೋ ಆ ಗೆರೆ ಊದಿದ ವಸಡಿನ ಕೆಳಗೆ ಮುಚ್ಚಿಹೋಗಿರತ್ತೆ, ಪ್ರೋಬ್ ತುದಿಯಲ್ಲಿ ತಡಕಾಡಿ ಅಂದಾಜು ಮಾಡ್ಬೇಕು. ಎರಡನೇ ಸ್ಕ್ಯಾನ್‌ನಲ್ಲಿ ಎಷ್ಟೋ ಹಲ್ಲಲ್ಲಿ ಅದು ಎದ್ದು ಕಾಣತ್ತೆ. ಎರಡನ್ನೂ ಸರಿಯಾಗಿ ಕೂರಿಸಿದ್ರೆ ಇವತ್ತು ಕಂಡ ಗೆರೆಯನ್ನ ಮೂರು ತಿಂಗಳ ಹಿಂದಿನ ಸ್ಕ್ಯಾನ್ ಮೇಲೆ ಎಳೀಬಹುದು, ಆವಾಗ ವಸಡು ಗೆರೆಯಿಂದ ಎಷ್ಟು ಮೇಲೆ ಏರಿತ್ತು ಅಂತ ಈಗ ಗೊತ್ತಾಗತ್ತೆ. ಕಡ್ಡಿ ಇಂಥ ಕೆಲಸ ಮಾಡಲ್ಲ.

ಸ್ಕ್ಯಾನ್ ತೆಗೆಯುವಾಗಲೇ ಕೆಡೋ ವಿಷಯಗಳೂ ಇವೆ, ಬೇಗ ಹೇಳಿ ಮುಂದೆ ಹೋಗ್ತೀನಿ. ಪ್ರೋಬ್ ಹಾಕಿದ ಮೇಲೆ ಸ್ಕ್ಯಾನ್ ಮಾಡಿದ್ರೆ ಅಂಚಲ್ಲಿ ರಕ್ತ ನಿಂತಿರತ್ತೆ, ಅದನ್ನೂ ವಸಡು ಅಂತಲೇ ಮೆಷಿನ್ ಓದತ್ತೆ, ಹಾಗಾಗಿ ಮೊದಲು ಸ್ಕ್ಯಾನ್, ಆಮೇಲೆ ಕಡ್ಡಿ. ಎಂಜಲು ಒಣಗಿಸ್ಬೇಕು, ಚೇರಿನ ದೊಡ್ಡ ಲೈಟ್ ಬಾಯಿಂದ ಆಚೆ ತಿರುಗಿಸ್ಬೇಕು, ಎರಡೂ ಸಲ ಕೆನ್ನೆ ಒಂದೇ ಥರ ಎಳೆದಿರ್ಬೇಕು. ಹಲ್ಲಿನ ಸಂದಿಯಲ್ಲಿ ಬೆಳಕು ಹೋಗದೆ ಇರೋ ಕಡೆ ಸಾಫ್ಟ್‌ವೇರ್ ತೂತು ಬಿಡೋ ಬದಲು ತಾನೇ ನಯವಾಗಿ ಮುಚ್ಚಿಬಿಡತ್ತೆ, ಅಲ್ಲಿ ಕಾಣೋ ಮೇಲ್ಮೈ ನಿಜವಾಗಿ ನೋಡಿದ್ದಲ್ಲ, ಊಹೆ. ಇತ್ತೀಚಿನ ಮೆಷಿನ್‌ಗಳಲ್ಲಿ ಕೆನ್ನೆ, ನಾಲಿಗೆ ಅಡ್ಡ ಬಂದ್ರೆ ತಾನಾಗೇ ಅಳಿಸೋ ಎಐ ಇರತ್ತೆ, ಕ್ಯಾಪ್ ಮಾಡೋವ್ರಿಗೆ ಅದು ವರದಾನ, ನಮಗೆ ಮಾತ್ರ ಕೆಲವು ಸಲ ಅಳೀಬೇಕಾದ ವಸಡನ್ನೇ ಕತ್ತರಿಸಿ ಎಸೆದಿರತ್ತೆ.

ಸರಾಸರಿ ನಂಬರ್ ಕೊಟ್ಟಿದ್ರೆ ಅದನ್ನೂ ಒಂದ್ ಸಲ ಅನುಮಾನದಿಂದ ನೋಡಿ. ಒಂದು ಕಡೆ 0.5 ಕಮ್ಮಿ, ಪಕ್ಕದಲ್ಲಿ 0.5 ಜಾಸ್ತಿ, ಕೂಡಿಸಿ ಭಾಗಿಸಿದ್ರೆ ಸೊನ್ನೆ, ಏನೂ ಬದಲಾಗಿಲ್ಲ ಅಂತ ಬರತ್ತೆ. ಹೆಚ್ಚು ಕಮ್ಮಿ ಎರಡನ್ನೂ ಬೇರೆ ಬೇರೆ ಹೇಳಿರ್ಬೇಕು. ಮತ್ತೆ ಎಷ್ಟರಿಂದ ಮೇಲೆ ನಂಬೋದು ಅನ್ನೋದಕ್ಕೆ ನಾನು ಮಾಡೋದು ಇಷ್ಟು: ಒಬ್ಬರ ಬಾಯನ್ನೇ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಸ್ಕ್ಯಾನ್ ಮಾಡಿ ಕೂರಿಸ್ತೀನಿ. ಹತ್ತು ನಿಮಿಷದಲ್ಲಿ ವಸಡು ಬದಲಾಗಿರಲ್ಲ, ಆದ್ರೂ ಒಂದಷ್ಟು ವ್ಯತ್ಯಾಸ ಕಾಣತ್ತೆ, ಅದು ನನ್ನ ಕೈ ಮತ್ತೆ ನನ್ನ ಮೆಷಿನ್ ಸೇರಿ ಮಾಡೋ ತಪ್ಪು. ಅದಕ್ಕಿಂತ ಕಮ್ಮಿ ಇರೋ ಬದಲಾವಣೆಯನ್ನ ನಾನು ಪೇಶೆಂಟ್ ಹತ್ರ ಬದಲಾವಣೆ ಅಂತ ಹೇಳೋದೇ ಇಲ್ಲ. 0.1 ಮಿ.ಮೀ. ಇಳಿದಿದೆ ಅಂತ ಯಾರಾದ್ರೂ ಹೆದರಿಸಿದ್ರೆ ನೀವೂ ಹೆದರಬೇಡಿ.

ಹಾಗಾದ್ರೆ ಸ್ಕ್ಯಾನ್ ಎಲ್ಲಿ ನಿಜಕ್ಕೂ ಉಪಯೋಗ ಅಂದ್ರೆ, ಬದಲಾವಣೆ ಹೊರಗಡೆಯೇ ನಡೆಯೋ ಕಡೆ. ಅಂಗುಳಿಂದ ತುಂಡು ತೆಗೆದು ತೆರೆದ ಬೇರಿನ ಮೇಲೆ ಕೂರಿಸೋ ಗ್ರಾಫ್ಟ್ ಮಾಡಿದವರಲ್ಲಿ ಎಷ್ಟು ಬೇರು ಮುಚ್ಚಿದೆ, ವಸಡು ಎಷ್ಟು ದಪ್ಪ ಆಗಿದೆ, ಆರು ತಿಂಗಳು, ವರ್ಷ ಕಳೆದ ಮೇಲೆ ಎಷ್ಟು ಉಳಿದಿದೆ ಅನ್ನೋದನ್ನ ಸ್ಕ್ಯಾನ್‌ನಷ್ಟು ಚೆನ್ನಾಗಿ ಇನ್ಯಾವುದೂ ಹೇಳಲ್ಲ. ಅಲ್ಲೂ ಮೊದಲ ಎರಡು ಮೂರು ವಾರದ ಸ್ಕ್ಯಾನ್ ನಂಬಬಾರದು, ಅದು ಬಹುಪಾಲು ಆಪರೇಷನ್ ಊತ, ಆಮೇಲೆ ಅದು ಇಳಿದಾಗ ಗ್ರಾಫ್ಟ್ ಕರಗಿಹೋಯ್ತು ಅಂತ ಪಾಪ ಜನ ಅಳ್ತಾರೆ. ಹಾಗೇ ಹಲ್ಲು ಹಲ್ಲಿನ ನಡುವೆ ಇರೋ ವಸಡಿನ ತ್ರಿಕೋನ. ಟ್ರೀಟ್‌ಮೆಂಟ್ ಆದ ಮೇಲೆ ಅದು ಕುಗ್ಗಿ ಕಪ್ಪು ಸಂದಿ ಬಿಡೋದು ಎಲ್ಲರಿಗಿಂತ ಜಾಸ್ತಿ ಬೇಜಾರು ಮಾಡೋ ವಿಷಯ. 1992ರಲ್ಲಿ ಟಾರ್ನೋ ಅನ್ನೋ ವಸಡಿನ ಡಾಕ್ಟ್ರು ಮತ್ತೆ ಜೊತೆಗಾರರು ಅಳೆದು ತೋರಿಸಿದ್ದು ಏನಂದ್ರೆ, ಎರಡು ಹಲ್ಲು ಒಂದಕ್ಕೊಂದು ತಾಗೋ ಜಾಗದಿಂದ ಕೆಳಗಿನ ಮೂಳೆಗೆ 5 ಮಿ.ಮೀ. ಅಥವಾ ಕಮ್ಮಿ ಇದ್ರೆ ಸಂದಿ ಹೆಚ್ಚುಕಮ್ಮಿ ಯಾವಾಗಲೂ ತುಂಬಿರತ್ತೆ, 6 ಆದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಡೆ ಮಾತ್ರ, 7 ಆದ್ರೆ ಕಾಲು ಭಾಗದಷ್ಟು. ಸ್ಕ್ಯಾನ್ ತ್ರಿಕೋನದ ಎತ್ತರ ಹೇಳತ್ತೆ, ಮೂಳೆ ಎಲ್ಲಿದೆ ಅಂತ ಎಕ್ಸ್‌ರೇನೇ ಹೇಳ್ಬೇಕು, ಎರಡೂ ಸೇರಿದಾಗ ಮಾತ್ರ ಆ ಸಂದಿ ತುಂಬೋ ಆಸೆ ಇದೆಯಾ ಅಂತ ಗೊತ್ತಾಗತ್ತೆ.

ನಿಮ್ಮ ವಿಷಯಕ್ಕೆ ವಾಪಸ್ ಬಂದ್ರೆ, ಮುಂದಿನ ಸಲ ಹೋದಾಗ ಎರಡೂ ಸಲದ ಪಾಕೆಟ್ ಚಾರ್ಟ್ ಕೇಳಿ ತಗೊಳ್ಳಿ. ಮೊದಲು 4ರಿಂದ 6 ಮಿ.ಮೀ. ಇದ್ದ ಪಾಕೆಟ್ ಸರಾಸರಿ 1 ಮಿ.ಮೀ. ಚಿಲ್ಲರೆ, 7 ಅಥವಾ ಮೇಲೆ ಇದ್ದಿದ್ದು ಸುಮಾರು 2 ಮಿ.ಮೀ. ಕಮ್ಮಿ ಆಗೋದು ಈ ಥರ ಕ್ಲೀನಿಂಗ್‌ನಿಂದ ಸಿಗೋ ಫಲ. ನಾವು ಗುರಿ ಇಟ್ಕೊಳ್ಳೋದು ಎಲ್ಲ ಕಡೆ 4 ಅಥವಾ ಅದಕ್ಕಿಂತ ಕಮ್ಮಿ, ಕಡ್ಡಿ ಹಾಕಿದ್ರೆ ರಕ್ತ ಬರಬಾರದು. ನೀಲಿ ಬಂದಿರೋ ಆ ಹಲ್ಲಲ್ಲಿ ಪಾಕೆಟ್ ಇಳಿದಿದೆ, ರಕ್ತ ಬರೋದು ನಿಂತಿದೆ ಅಂದ್ರೆ ಆ ನೀಲಿ ಊತ ಇಳಿದ ನೀಲಿ, ನೆಮ್ಮದಿಯಾಗಿರಿ. ಪಾಕೆಟ್ 5ಕ್ಕಿಂತ ಜಾಸ್ತಿ ಉಳಿದು ಇನ್ನೂ ರಕ್ತ ಬರ್ತಿದೆ ಅಂದ್ರೆ ಅಲ್ಲಿ ಮತ್ತೆ ಕ್ಲೀನ್ ಮಾಡೋದಾ, ವಸಡು ತೆರೆದು ಸರ್ಜರಿ ಮಾಡೋದಾ ಅಂತ ಮಾತಾಡ್ಬೇಕು. ಜುಂ ಅನ್ನೋದಿದ್ರೆ ಮೆತ್ತನೆ ಬ್ರಷ್, ಫ್ಲೋರೈಡ್ ಇರೋ ಸೆನ್ಸಿಟಿವಿಟಿ ಪೇಸ್ಟ್, ಅಡ್ಡಡ್ಡ ಉಜ್ಜೋದು ನಿಲ್ಸಿ. ಬೇರಿಗೆ ಎನಾಮಲ್ ಇಲ್ಲ, ಅಲ್ಲಿ ಹುಳುಕು ಬೇಗ ಹಿಡಿಯತ್ತೆ.

ಸ್ಕ್ಯಾನ್ ಫೈಲ್ ಎರಡನ್ನೂ ಕಾಪಿ ಮಾಡಿಸ್ಕೊಂಡು ಇಟ್ಕೊಳ್ಳಿ, ಬರೀ ಫೋಟೋ ಅಲ್ಲ, ಅಸಲಿ ಫೈಲ್. ಆಗೋದಾದ್ರೆ ಪಿಎಲ್‌ವೈ ಅಥವಾ ಒಬಿಜೆ ಮಾದರಿಯ ಫೈಲ್ ಕೇಳಿ, ಅದರಲ್ಲಿ ಬಣ್ಣನೂ ಉಳಿಯತ್ತೆ, ಮಾಮೂಲಿ ಎಸ್‌ಟಿಎಲ್‌ನಲ್ಲಿ ಬರೀ ಆಕಾರ, ವಸಡು ಎಲ್ಲಿ ಮುಗಿದು ಹಲ್ಲು ಎಲ್ಲಿ ಶುರು ಅಂತ ಹುಡುಕೋದು ಕಷ್ಟ. ಮೆಶ್‌ಲ್ಯಾಬ್, ಕ್ಲೌಡ್‌ಕಂಪೇರ್ ಥರದ ಫ್ರೀ ಸಾಫ್ಟ್‌ವೇರ್‌ನಲ್ಲೂ ಅವು ತೆರ್ಕೊಳ್ತವೆ, ನಾಳೆ ಊರು ಬದಲಾಗಿ ಡಾಕ್ಟ್ರು ಬದಲಾದ್ರೂ ಅವರು ಇದರ ಮೇಲೇ ಮುಂದಿನ ಸ್ಕ್ಯಾನ್ ಕೂರಿಸಿ ನೋಡಬಹುದು. ಮುಂದಿನದನ್ನ ವರ್ಷಕ್ಕೊಂದು ಸಲ ಮಾಡಿಸಿದ್ರೆ ಸಾಕು, ಕಡ್ಡಿ ಅಳತೆ ಮಾತ್ರ ಡಾಕ್ಟ್ರು ಕರೆದಾಗೆಲ್ಲ ತಪ್ಪಿಸ್ಬೇಡಿ.